ಏಳು ವರ್ಷ ಸಪೋರ್ಟ್ ಮಾಡಿ ಈಗ ಬೆಂಚ್ ಮೇಲೆ: ಇನ್ನು ಡೆವಲಪರ್ ಆಗಬಹುದಾ?

ಪ್ರಶ್ನೆ: ಮೇಡಂ, ನನಗೆ 30 ವರ್ಷ. ಊರು ಗುಬ್ಬಿ ತಾಲ್ಲೂಕು, ಈಗ ಇರೋದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ಬಿಇ ಮುಗಿಸಿ 2018ರಲ್ಲಿ ಬೆಂಗಳೂರಿನ ಸರ್ವಿಸ್ ಕಂಪನಿಯೊಂದಕ್ಕೆ ಸೇರಿದೆ. ಅಂದಿನಿಂದ ಒಂದೇ ಪ್ರಾಜೆಕ್ಟ್. ವಿಮಾ ಕಂಪನಿಯೊಂದರ ಹಳೇ ಜಾವಾ ಅಪ್ಲಿಕೇಶನ್‌ಗೆ ಎಲ್2, ಅಂದರೆ ಎರಡನೇ ಹಂತದ ಸಪೋರ್ಟ್. ಟಿಕೆಟ್ ಬಂದರೆ ಲಾಗ್ ನೋಡುವುದು, ಡೇಟಾ ತಪ್ಪಿದ್ದರೆ ಎಸ್‌ಕ್ಯುಎಲ್ ಬರೆದು ಸರಿಮಾಡುವುದು, ಕೋಡ್‌ನಲ್ಲೇ ತಪ್ಪಿದ್ದರೆ ಡೆವಲಪರ್‌ಗಳಿಗೆ ಕಳಿಸುವುದು. ಎರಡು ತಿಂಗಳ ಹಿಂದೆ ಪ್ರಾಜೆಕ್ಟ್ ಬೇರೆ ಕಂಪನಿಗೆ ಹೋಯಿತು, ನಾನು ಬೆಂಚ್‌ಗೆ ಬಂದೆ, ಅಂದರೆ ಕಂಪನಿಯಲ್ಲಿದ್ದೇನೆ, ಪ್ರಾಜೆಕ್ಟ್ ಇಲ್ಲ. ಎಚ್ಆರ್‌ನವರು ವಾರಕ್ಕೊಮ್ಮೆ ಕರೆದು ‘ನೀವೇ ಹೊರಗೆ ನೋಡಿಕೊಂಡರೆ ಒಳ್ಳೆಯದು’ ಎನ್ನುತ್ತಾರೆ. ಸ್ನೇಹಿತರು ಜಾವಾ ಕಥೆ ಮುಗೀತು, ಎಐ ಕಲಿ ಅಂತಾರೆ. ಒಂದು ಇನ್‌ಸ್ಟಿಟ್ಯೂಟ್‌ನವರು 2.5 ಲಕ್ಷಕ್ಕೆ ಡೇಟಾ ಸೈನ್ಸ್ ಕೋರ್ಸ್, ಕಂತಿನಲ್ಲಿ ಕಟ್ಟಿ, ಕೆಲಸ ಗ್ಯಾರಂಟಿ ಅಂತಿದ್ದಾರೆ. ಇನ್ನೊಬ್ಬರು ಡೆವಲಪರ್ ಅಂತ ಮೂರು ವರ್ಷದ ಅನುಭವ ‘ಸೆಟ್’ ಮಾಡಿಸಿ ಕೊಡ್ತಾರಂತೆ. ಅಪ್ಪ, ತೋಟ ಇದೆಯಲ್ಲ ಬಂದ್ಬಿಡು ಅಂತಾರೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಮಗುವಿಗೆ ಎರಡು ವರ್ಷ. ಒಮ್ಮೆ ತಿಂಗಳ ಕೊನೆಯ ರಾತ್ರಿ ಬ್ಯಾಚ್ (ಲೆಕ್ಕಗಳನ್ನೆಲ್ಲ ಒಟ್ಟಿಗೆ ಓಡಿಸುವ ಕೆಲಸ) ನಿಂತುಹೋದಾಗ, ಡೇಟಾಬೇಸ್‌ನಲ್ಲಿ ಯಾವುದೋ ಸೆಷನ್ (ಯಾರೋ ತೆರೆದಿಟ್ಟ ಸಂಪರ್ಕ) ಬೇರೆಯವರು ಮುಟ್ಟದಂತೆ ಲಾಕ್ ಹಿಡಿದು ಕೂತಿದೆ ಅಂತ ನಾನೇ ಹುಡುಕಿದ್ದೆ. ಅಷ್ಟು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಮಾಡಿಲ್ಲ. ಈ ವಯಸ್ಸಲ್ಲಿ ಡಿಎಸ್ಎ (ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್) ಕಲಿತು ಡೆವಲಪರ್ ಆಗೋಕೆ ಆಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಲಾಕ್ ಹಿಡಿದ ಸೆಷನ್ ಮಾತು. ನೀವು ಅದನ್ನು ಕೊನೆಯಲ್ಲಿ, ಲೆಕ್ಕಕ್ಕೇ ಇಲ್ಲ ಅನ್ನುವ ಹಾಗೆ ಬರೆದಿದ್ದೀರಿ. ನಾನು ಇಂಟರ್‌ವ್ಯೂ ಮಾಡುವವಳಾಗಿ ಹೇಳುತ್ತಿದ್ದೇನೆ, ನಿಮ್ಮ ಜೊತೆ ಮುಕ್ಕಾಲು ಗಂಟೆ ಕೂತರೆ ಅದರಲ್ಲಿ ಅರ್ಧ ಗಂಟೆ ಆ ಒಂದು ರಾತ್ರಿಯ ಬಗ್ಗೆಯೇ ಕೇಳುತ್ತೇನೆ.

ನಿಮ್ಮ ಚಿಂತೆ ಬೆಂಚ್ ಬಗ್ಗೆ ಮಾತ್ರ ಅಲ್ಲ ಅಂತ ಅನಿಸುತ್ತದೆ. ಏಳು ವರ್ಷ ದುಡಿದರೂ ಕೈಯಲ್ಲಿ ವಿದ್ಯೆ ಇಲ್ಲ, ಇಷ್ಟು ದಿನ ವ್ಯರ್ಥವಾಯಿತು ಅನ್ನುವ ಭಯ ಅದು. ಆ ಭಯದಲ್ಲಿರುವಾಗ ಕೋರ್ಸ್ ಮಾರುವವರ ಮಾತೂ ಸರಿ ಅನಿಸುತ್ತದೆ, ಅನುಭವ ಮಾರುವವರ ಮಾತೂ ಸರಿ ಅನಿಸುತ್ತದೆ, ಅಪ್ಪನ ಮಾತೂ ಸರಿ ಅನಿಸುತ್ತದೆ. ಮೂರೂ ಒಂದೇ ಸಲ ಸರಿ ಇರೋಕೆ ಆಗಲ್ಲ ಅಲ್ವಾ? ಹಾಗಾಗಿ ಮೊದಲು ಸುಳ್ಳು ಯಾವುದು, ನಿಜ ಯಾವುದು ಅಂತ ಬೇರೆ ಮಾಡೋಣ.

ಜಾವಾ ಮುಗಿದಿಲ್ಲ. ಮುಗಿದಿರುವುದು ನಿಮ್ಮ ಪ್ರಾಜೆಕ್ಟ್ ನಿಂತಲ್ಲೇ ನಿಂತಿದ್ದ ಹಳೇ ಜಾವಾ. ಹಳೇ ವಿಮಾ ಅಪ್ಲಿಕೇಶನ್ ಅಂದರೆ ನೀವು ನೋಡಿದ್ದು ಜಾವಾ 8 ಇರಬಹುದು, ಅದು ಬಂದಿದ್ದು 2014ರಲ್ಲಿ. ಅದಾದ ಮೇಲೆ ದೀರ್ಘಕಾಲದ ಬೆಂಬಲ ಇರುವ ಆವೃತ್ತಿಗಳೇ ನಾಲ್ಕು ಬಂದಿವೆ: 2018ರಲ್ಲಿ 11, 2021ರಲ್ಲಿ 17, 2023ರಲ್ಲಿ 21, 2025ರಲ್ಲಿ 25. ಜಾವಾದಲ್ಲಿ ಅಪ್ಲಿಕೇಶನ್ ಕಟ್ಟಲು ಬಳಸುವ ಸ್ಪ್ರಿಂಗ್ ಬೂಟ್‌ನ 3ನೇ ಆವೃತ್ತಿ ಬಂದಿದ್ದು 2022ರ ಕೊನೆಯಲ್ಲಿ, ಅದಕ್ಕೆ ಕನಿಷ್ಠ ಜಾವಾ 17 ಬೇಕೇ ಬೇಕು. ಬ್ಯಾಂಕು, ವಿಮೆಯವರ ಎಷ್ಟೋ ಅಪ್ಲಿಕೇಶನ್‌ಗಳು ಹಳೆಯದರಿಂದ ಹೊಸದಕ್ಕೆ ಹೋಗಬೇಕಾದ ದಾರಿಯಲ್ಲಿವೆ. ‘ಜಾವಾಎಕ್ಸ್’ ಅಂತ ಇದ್ದ ಪ್ಯಾಕೇಜ್ ಹೆಸರುಗಳು ‘ಜಕಾರ್ತಾ’ ಆಗಿ ಬದಲಾಗಿವೆ, ಹಳೇ ಲೈಬ್ರರಿಗಳು ಕೈಕೊಡುತ್ತವೆ, ನಡೆಯುತ್ತಿದ್ದ ರಿಪೋರ್ಟು ಸುಮ್ನೆ ನಿಲ್ಲುತ್ತದೆ. ಈ ಕೆಲಸಕ್ಕೆ ಹಳೇ ಸಿಸ್ಟಮ್ ಎಲ್ಲಿ ಮುರಿಯುತ್ತದೆ ಅಂತ ಬಲ್ಲವರೇ ಬೇಕು. ಕೋಬಾಲ್ ಭಾಷೆ ಹುಟ್ಟಿದ್ದು 1959ರಲ್ಲಿ, ಇವತ್ತಿಗೂ ಬ್ಯಾಂಕುಗಳಲ್ಲಿ ಓಡುತ್ತಿದೆ. ಜಾವಾವನ್ನು ಇಷ್ಟು ಬೇಗ ಮಣ್ಣು ಮಾಡಬೇಡಿ.

ಎಐ ವಿಷಯದಲ್ಲಿ ಮಾತ್ರ ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಅದನ್ನು ಮುಚ್ಚಿಡಲ್ಲ. ಪಾಸ್‌ವರ್ಡ್ ರೀಸೆಟ್, ಒಂದೇ ಥರದ ಟಿಕೆಟ್‌ಗೆ ಒಂದೇ ಥರದ ಎಸ್‌ಕ್ಯುಎಲ್, ಪುಸ್ತಕದಲ್ಲಿ ಬರೆದಿಟ್ಟ ಹತ್ತು ಹೆಜ್ಜೆಗಳನ್ನು ಹಾಗೇ ಮಾಡುವ ಕೆಲಸ, ಇವೆಲ್ಲ ಕಡಿಮೆ ಆಗುತ್ತಿವೆ, ಇನ್ನೂ ಆಗುತ್ತವೆ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದ ಮೇಲೆ ನನ್ನ ಟೀಮಿನಲ್ಲೂ ಕೋಡ್ ಬರೆಯುವ ರೀತಿ ಬದಲಾಗಿದೆ. ಆದರೆ ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ಹುಡುಗ ಎಐ ಕೈಲಿ ಒಂದು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಬರೆಸಿದ. ಟೆಸ್ಟ್ ಡೇಟಾಬೇಸ್‌ನಲ್ಲಿ ಸಾವಿರ ಸಾಲು ಇತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುವ ನಿಜವಾದ ಸಿಸ್ಟಮ್‌ನಲ್ಲಿ, ಕೋಟಿಗಟ್ಟಲೆ ಸಾಲು. ದಿನಾಂಕದ ಕಾಲಮ್ಮನ್ನು ಒಂದು ಫಂಕ್ಷನ್ ಒಳಗೆ ಹಾಕಿದ್ದರಿಂದ ಅಲ್ಲಿದ್ದ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಉಪಯೋಗಕ್ಕೇ ಬರಲಿಲ್ಲ, ಇಡೀ ಟೇಬಲ್ಲನ್ನೇ ಓದುತ್ತಾ ಕೂತಿತು. ಕ್ವೆರಿ ತಪ್ಪಾಗಿರಲಿಲ್ಲ, ಆದರೆ ಅಲ್ಲಿಗೆ ಹಾಕುವಂಥದ್ದಾಗಿರಲಿಲ್ಲ. ಇದನ್ನು ಮೊದಲು ಗುರುತಿಸಿದ್ದು ನಮ್ಮಲ್ಲಿ ಸಪೋರ್ಟ್‌ನಿಂದ ಬಂದ ಹುಡುಗಿ. ರಾತ್ರಿ ಎರಡು ಗಂಟೆಗೆ ಫೋನ್ ಬಂದು ಎದ್ದು ಕೂತವರಿಗೆ ಅಂಥ ಕಡೆ ಕಣ್ಣು ತಾನೇ ಹೋಗುತ್ತದೆ. ಎಐ ಬಳಸಿ, ದಿನಾ ಬಳಸಿ, ಅದು ಕೊಟ್ಟಿದ್ದನ್ನು ಪರೀಕ್ಷಿಸುವವರು ನೀವಾಗಿರಿ. ಒಂದೇ ಎಚ್ಚರ, ಕಂಪನಿಯ ಕೋಡು, ಗ್ರಾಹಕರ ಹೆಸರು ಇರುವ ಲಾಗು, ಇವನ್ನು ಹೊರಗಿನ ಯಾವ ಟೂಲ್‌ಗೂ ಹಾಕಬೇಡಿ. ಅದರಿಂದ ಕೆಲಸವೇ ಹೋಗಬಹುದು.

30ಕ್ಕೆ ಡಿಎಸ್ಎ ತಲೆಗೆ ಹತ್ತಲ್ಲ ಅನ್ನುವುದು ಪೂರ್ತಿ ಸುಳ್ಳು. ನಿಮಗೆ ಗೊತ್ತಿಲ್ಲದೆಯೇ ನೀವು ಅದರ ಜೊತೆ ಏಳು ವರ್ಷ ಬದುಕಿದ್ದೀರಿ. ಡೇಟಾಬೇಸ್ ಇಂಡೆಕ್ಸ್ ಅಂದರೆ ಸಾಮಾನ್ಯವಾಗಿ ಬಿ-ಟ್ರೀ ಅನ್ನುವ ಮರದಂಥ ಜೋಡಣೆ. ಜಾವಾದ ಹ್ಯಾಶ್‌ಮ್ಯಾಪ್‌ನಲ್ಲಿ ಇಟ್ಟ ವಸ್ತು ಮತ್ತೆ ಸಿಗಲಿಲ್ಲ ಅಂತ ಟಿಕೆಟ್ ಬಂದಿದ್ದರೆ ಅದು ಹ್ಯಾಶಿಂಗ್. ದೊಡ್ಡ ಲಾಗ್‌ನಲ್ಲಿ ಮಧ್ಯಕ್ಕೆ ಹಾರಿ, ತಪ್ಪು ಇದಕ್ಕಿಂತ ಮೊದಲೋ ಆಮೇಲೋ ಅಂತ ನೋಡಿದ್ದರೆ ಅದೇ ಬೈನರಿ ಸರ್ಚ್. ಅರೇ, ಸ್ಟ್ರಿಂಗ್, ಹ್ಯಾಶ್‌ಮ್ಯಾಪ್, ಸ್ಟಾಕ್, ಕ್ಯೂ, ಟ್ರೀ, ಗ್ರಾಫ್‌ನ ಮೊದಲ ಪಾಠ, ಇಷ್ಟರಿಂದ ಶುರು ಮಾಡಿ. ದಿನಕ್ಕೆ ಒಂದೂವರೆ ಗಂಟೆ, ನಾಲ್ಕು ತಿಂಗಳು. ಡೈನಾಮಿಕ್ ಪ್ರೋಗ್ರಾಮಿಂಗ್ ಸದ್ಯಕ್ಕೆ ಬಿಡಿ. ದೊಡ್ಡ ಪ್ರಾಡಕ್ಟ್ ಕಂಪನಿಗಳು ಅದನ್ನೆಲ್ಲ ಕೇಳುತ್ತವೆ ನಿಜ, ಆದರೆ ನಿಮ್ಮ ಮುಂದಿನ ಕೆಲಸ ಅಲ್ಲೇ ಆಗಬೇಕು ಅಂತೇನೂ ಇಲ್ಲ. ಮಧ್ಯಮ ಗಾತ್ರದ ಎಷ್ಟೋ ಕಂಪನಿಗಳಲ್ಲಿ ಒಂದು ಸಣ್ಣ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿ) ಬರೆಸುತ್ತಾರೆ, ಒಂದು ತಪ್ಪಿರುವ ಕೋಡ್ ಕೊಟ್ಟು ಹುಡುಕಿ ಅಂತಾರೆ. ಎರಡನೆಯದು ನಿಮ್ಮ ಮನೆಯಂಗಳ. ಕ್ಯಾತ್ಸಂದ್ರದಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುವುದಾದರೆ ಆ ಸಮಯವನ್ನು ಇದಕ್ಕೇ ಇಡಿ. ವೀಡಿಯೊ ನೋಡಬೇಡಿ, ಕಾಗದದ ಮೇಲೆ ಬಿಡಿಸಿ.

ಇನ್ನು, ಏಳು ವರ್ಷ ಕಳೆದರೂ ಏನೂ ಬರಲ್ಲ ಅಂತ ಯಾಕೆ ಅನಿಸುತ್ತಿದೆ? ಇದಕ್ಕೆ ಕಾರಣ ನಿಮ್ಮ ಬುದ್ಧಿಯಲ್ಲಿ ಇಲ್ಲ, ಬಿಲ್ಲಿಂಗ್‌ನಲ್ಲಿದೆ. ಸರ್ವಿಸ್ ಕಂಪನಿಗೆ ಕ್ಲೈಂಟ್ ದುಡ್ಡು ಕೊಡುವುದು ಇಷ್ಟು ಜನ, ಇಷ್ಟು ಶಿಫ್ಟು, ಇಷ್ಟು ಹೊತ್ತಿನಲ್ಲಿ ಟಿಕೆಟ್ ಮುಚ್ಚಬೇಕು ಅನ್ನುವ ಲೆಕ್ಕಕ್ಕೆ. ಟಿಕೆಟ್ ಯಾಕೆ ಬಂತು ಅಂತ ನೀವು ಬೇರಿಗೆ ಇಳಿದರೆ ಆ ಹೊತ್ತಿಗೆ ಬಿಲ್ ಇಲ್ಲ. ನೀವು ಚೆನ್ನಾಗಿ ಕೆಲಸ ಮಾಡಿದಷ್ಟೂ ಮ್ಯಾನೇಜರ್ ನಿಮ್ಮನ್ನು ಅಲ್ಲಿಂದ ಬಿಡಲ್ಲ, ಯಾಕೆಂದರೆ ಕ್ಲೈಂಟ್ ಖುಷಿಯಾಗಿದ್ದಾನೆ. ಪ್ರಾಜೆಕ್ಟ್ ಹೋದ ದಿನ ಆ ಖುಷಿಯೂ ಹೋಯಿತು, ಬಿಲ್ಲೂ ಹೋಯಿತು, ನೀವು ಖರ್ಚಿನ ಕಡೆಗೆ ಬಂದಿರಿ. ನಿಮ್ಮ ಯೋಗ್ಯತೆ ಒಂದೇ ರಾತ್ರಿಯಲ್ಲಿ ಬದಲಾಗಲಿಲ್ಲ.

ನಾನೂ ತುಮಕೂರಿನವಳು, ನಾನೂ ಮೊದಲ ನಾಲ್ಕು ವರ್ಷ ಸಪೋರ್ಟ್‌ನಲ್ಲೇ ಇದ್ದೆ. ಯಾವ ಕಂಪನಿ ಅಂತ ಹೇಳುವುದು ಬೇಡ, ಅಲ್ಲಿ ಕೋಡ್ ನೋಡಲು ಪರ್ಮಿಷನ್ ಕೇಳಿದರೆ ‘ನಿನಗ್ಯಾಕೆ’ ಅಂದಿದ್ದರು. ನನಗೆ ದಾರಿ ಮಾಡಿಕೊಟ್ಟಿದ್ದು ಒಂದು ನೋಟ್‌ಪುಸ್ತಕ. ಪ್ರತಿ ದೊಡ್ಡ ತೊಂದರೆ ಆದಾಗಲೂ ಏನು ಕಂಡೆ, ಮೊದಲು ಏನು ಅಂದುಕೊಂಡೆ, ಅದು ಯಾಕೆ ತಪ್ಪಾಯಿತು, ಕೊನೆಗೆ ಏನು ಸಿಕ್ಕಿತು ಅಂತ ಬರೆದಿಡುತ್ತಿದ್ದೆ. ಗ್ರಾಹಕರ ಹೆಸರಾಗಲಿ ಡೇಟಾ ಆಗಲಿ ಅದರಲ್ಲಿ ಇರುತ್ತಿರಲಿಲ್ಲ. ಆ ಪುಸ್ತಕವೇ ಆಮೇಲೆ ನನ್ನ ಇಂಟರ್‌ವ್ಯೂ ತಯಾರಿ ಆಯಿತು.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಅನುಭವ ‘ಸೆಟ್’ ಮಾಡಿಸುವವರ ಕಡೆ ತಲೆ ಹಾಕಿಯೂ ಮಲಗಬೇಡಿ. ಕಂಪನಿ ಬದಲಾದರೂ ನಿಮ್ಮ ಪಿಎಫ್ ಖಾತೆಯ ಗುರುತಿನ ಸಂಖ್ಯೆ, ಯುಎಎನ್, ಒಂದೇ ಇರುತ್ತದೆ, ಯಾವ ಕಂಪನಿಯಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದಿರಿ ಅನ್ನುವುದು ಅದರಲ್ಲಿ ಕಾಣುತ್ತದೆ. ಆದಾಯ ತೆರಿಗೆ ದಾಖಲೆಯಲ್ಲಿ ಯಾರು ತೆರಿಗೆ ಕಡಿತ ಮಾಡಿದರು ಅಂತ ಹೆಸರು ಸಮೇತ ಇರುತ್ತದೆ. ಹಿನ್ನೆಲೆ ಪರಿಶೀಲನೆ ಕೆಲಸ ಸೇರಿ ಮೂರು ತಿಂಗಳಾದ ಮೇಲೂ ನಡೆಯಬಹುದು, ಸಿಕ್ಕಿಬಿದ್ದರೆ ಅವತ್ತೇ ಹೊರಗೆ, ಆಮೇಲೆ ಆ ಕಾರಣವನ್ನು ಇನ್ನೊಬ್ಬರಿಗೆ ವಿವರಿಸಬೇಕು. ನನಗೆ ನಿಜವಾಗಿ ಸಂಕಟ ಆಗುವುದು ಬೇರೆ ಕಾರಣಕ್ಕೆ. ನಿಮ್ಮ ಹತ್ತಿರ ಏಳು ವರ್ಷದ ನಿಜವಾದ ಅನುಭವ ಇದೆ. ಅದನ್ನು ಕೊಟ್ಟು ಮೂರು ವರ್ಷದ ಸುಳ್ಳು ತಗೊಳ್ಳುವುದು ಬಂಗಾರ ಕೊಟ್ಟು ಹಿತ್ತಾಳೆ ತಂದಂತೆ.

2.5 ಲಕ್ಷದ ಕೋರ್ಸ್. ‘ಕಂತಿನಲ್ಲಿ ಕಟ್ಟಿ’ ಅಂದರೆ ಹೆಚ್ಚಿನ ಸಲ ಅದು ಇನ್‌ಸ್ಟಿಟ್ಯೂಟ್‌ಗೆ ಕಟ್ಟುವ ಫೀಸ್ ಅಲ್ಲ, ಫೈನಾನ್ಸ್ ಕಂಪನಿಯೊಂದರಿಂದ ನಿಮ್ಮ ಹೆಸರಲ್ಲಿ ತೆಗೆದ ಸಾಲ. ಕ್ಲಾಸ್ ಚೆನ್ನಾಗಿಲ್ಲ ಅಂತ ಬಿಟ್ಟರೂ, ಆ ಇನ್‌ಸ್ಟಿಟ್ಯೂಟೇ ಬಾಗಿಲು ಹಾಕಿದರೂ ಸಾಲದವರು ಕಂತು ಕೇಳುತ್ತಲೇ ಇರುತ್ತಾರೆ, ತಪ್ಪಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ. ಒಪ್ಪಂದದಲ್ಲಿ ‘ಗ್ಯಾರಂಟಿ’ ಅಂತ ಇದೆಯಾ, ‘ಕೆಲಸ ಹುಡುಕಲು ಸಹಾಯ’ ಅಂತ ಇದೆಯಾ, ಓದಿ. ಫೋನಿನಲ್ಲಿ ಹೇಳಿದ ಮಾತು ಕಾಗದದಲ್ಲಿ ಇಲ್ಲದಿದ್ದರೆ ಅದು ಮಾತೇ ಅಲ್ಲ. ಅದಕ್ಕಿಂತ ದೊಡ್ಡ ವಿಷಯ, ಡೇಟಾ ಸೈನ್ಸ್‌ಗೆ ಬೇಕಾದ ಬುನಾದಿ ಸಂಖ್ಯಾಶಾಸ್ತ್ರ, ಸಂಭವನೀಯತೆ, ರೇಖೀಯ ಬೀಜಗಣಿತ. ಅಲ್ಲಿ ನೀವು ಹೊಸದಾಗಿ ಕಾಲೇಜು ಮುಗಿಸಿ ಬಂದವರ ಸಾಲಿನಲ್ಲಿ ನಿಲ್ಲುತ್ತೀರಿ, ನಿಮ್ಮ ಏಳು ವರ್ಷಕ್ಕೆ ಅಲ್ಲಿ ಬೆಲೆ ಕಡಿಮೆ. ನಿಮಗೆ ಆ ವಿಷಯದಲ್ಲೇ ನಿಜವಾದ ಆಸೆ ಇದೆ ಅನ್ನುವುದಾದರೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮತ್ತು ಐಐಎಸ್‌ಸಿ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತದೆ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ. ಒಂದು ಕೋರ್ಸ್ ಪೂರ್ತಿ ಮಾಡಿ ನೋಡಿ. ಮುಗಿಸೋಕೆ ಮನಸ್ಸು ಬಂದರೆ ಆಮೇಲೆ ಮಾತಾಡೋಣ.

ಉಳಿದ ಎರಡು ದಾರಿ ನನಗೆ ಒಳ್ಳೆಯವು ಅನಿಸುತ್ತವೆ. ಒಂದು, ಬ್ಯಾಕೆಂಡ್ ಡೆವಲಪರ್, ಅಂದರೆ ತೆರೆಯ ಹಿಂದೆ ಸರ್ವರ್‌ನಲ್ಲಿ ಓಡುವ ಕೋಡ್ ಬರೆಯುವವರು. ಇನ್ನೊಂದು, ಸೈಟ್ ರಿಲಯಬಿಲಿಟಿ ಇಂಜಿನಿಯರ್, ಅಂದರೆ ಎಸ್ಆರ್‌ಇ. ಈ ಎರಡನೆಯದನ್ನು ಗೂಗಲ್ 2003ರಲ್ಲಿ ಶುರು ಮಾಡಿತು. ಸಿಸ್ಟಮ್ ಬೀಳದಂತೆ ನೋಡಿಕೊಳ್ಳುವ ಕೆಲಸವನ್ನು ಸಾಫ್ಟ್‌ವೇರ್ ಬರೆಯುವವರ ಕೈಗೆ ಕೊಟ್ಟರೆ ಏನಾಗುತ್ತದೆ ಅನ್ನುವುದೇ ಅದರ ಮೂಲ. ಸಪೋರ್ಟ್‌ನಿಂದ ಅಲ್ಲಿಗೆ ದಾರಿ ಹತ್ತಿರ: ಲಿನಕ್ಸ್, ಪೈಥಾನ್‌ನಲ್ಲಿ ಸ್ಕ್ರಿಪ್ಟ್, ನೆಟ್‌ವರ್ಕ್ ಬುನಾದಿ, ಅಪ್ಲಿಕೇಶನ್ನನ್ನು ಪೊಟ್ಟಣ ಕಟ್ಟುವ ಡಾಕರ್, ಸಿಸ್ಟಮ್ ಮೇಲೆ ಕಣ್ಣಿಡುವ ಪ್ರೊಮಿಥಿಯಸ್ ಮತ್ತು ಗ್ರಾಫಾನಾ, ಆಮೇಲೆ ಅಂಥ ಪೊಟ್ಟಣಗಳನ್ನು ನಡೆಸುವ ಕುಬರ್ನೆಟಿಸ್. ತೊಂದರೆ ಏನೆಂದರೆ ಅಲ್ಲೂ ಆನ್‌ಕಾಲ್ ಇರುತ್ತದೆ. ಎರಡು ವರ್ಷದ ಮಗು ಇರುವ ಮನೆಯಲ್ಲಿ ರಾತ್ರಿ ಫೋನು ಬರುವುದು ನಿಮ್ಮೊಬ್ಬರ ವಿಷಯ ಅಲ್ಲ, ನಿಮ್ಮ ಹೆಂಡತಿಯ ಜೊತೆ ಕೂತು ಮಾತಾಡಿಯೇ ನಿರ್ಧಾರ ಮಾಡಿ. ಡೆವಲಪರ್ ದಾರಿಯಲ್ಲಿ ಅದು ಕಡಿಮೆ, ಆದರೆ ಶುರುವಿನಲ್ಲಿ ಸಂಬಳ ಜಾಸ್ತಿ ಸಿಗದೇ ಇರಬಹುದು, ಈಗಿನಷ್ಟೇ ಇರಬಹುದು. ‘ಕೋಡ್ ಬರೆದ ಅನುಭವ ಎಲ್ಲಿ’ ಅಂತ ಹತ್ತು ಕಡೆ ಕೇಳುತ್ತಾರೆ, ಆರು ಕಡೆ ಫೋನೇ ಬರುವುದಿಲ್ಲ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಆ ಪ್ರಶ್ನೆಗೆ ಉತ್ತರವಾಗಿ ಒಂದು ಪ್ರಾಜೆಕ್ಟ್ ಮಾಡಿ, ಒಂದೇ ಒಂದು, ಆಳವಾಗಿ. ಎಲ್ಲರೂ ಮಾಡುವ ಶಾಪಿಂಗ್ ವೆಬ್‌ಸೈಟ್ ಬೇಡ. ನಿಮ್ಮೂರಿನ ಹಾಲಿನ ಡೇರಿ ತಗೊಳ್ಳಿ. ಬೆಳಗ್ಗೆ ಸಂಜೆ ಹಾಲು ಬರುತ್ತದೆ, ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಅದರ ಮೇಲೆ ದರ, ಆಮೇಲೆ ಬಟವಾಡೆ, ಪಶು ಆಹಾರದ ಬಾಕಿ ಕಡಿತ. ನಿಮಗೆ ಈ ಲೆಕ್ಕ ಚಿಕ್ಕಂದಿನಿಂದ ಗೊತ್ತು, ಬೆಂಗಳೂರಿನಲ್ಲೇ ಬೆಳೆದ ಇಂಜಿನಿಯರ್‌ಗೆ ಗೊತ್ತಿರಲ್ಲ. ಇದನ್ನು ಜಾವಾ 21, ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕಟ್ಟಿ. ಟೆಸ್ಟ್ ಬರೆಯಿರಿ, ಗಿಟ್‌ನಲ್ಲಿ ಇಡಿ.

ಆಮೇಲೆ ಅದನ್ನು ನೀವೇ ಮುರಿಯಿರಿ. ಬೇರೆಯವರು ಮಾಡದೇ ಇರುವುದು ಇದನ್ನೇ. ಸುಳ್ಳು ಡೇಟಾ ಹತ್ತು ಲಕ್ಷ ಸಾಲು ತುಂಬಿಸಿ, ಇಂಡೆಕ್ಸ್ ಇಲ್ಲದೆ ಒಬ್ಬ ರೈತನ ಬಟವಾಡೆ ತೆಗೆಯಿರಿ, ಎಷ್ಟು ಹೊತ್ತಾಯಿತು ಬರೆದಿಡಿ. ಎಕ್ಸ್‌ಪ್ಲೇನ್ ಕಮಾಂಡ್ ಕೊಟ್ಟು ಡೇಟಾಬೇಸ್ ಯಾವ ದಾರಿ ಹಿಡಿಯಿತು ನೋಡಿ, ಇಂಡೆಕ್ಸ್ ಹಾಕಿ ಮತ್ತೆ ನೋಡಿ. ಸ್ಪ್ರಿಂಗ್ ಬೂಟ್‌ನಲ್ಲಿ ತಾನಾಗಿ ಬರುವ ಹಿಕಾರಿ ಕನೆಕ್ಷನ್ ಪೂಲ್‌ನಲ್ಲಿ (ಡೇಟಾಬೇಸ್‌ಗೆ ಹೋಗುವ ಸಂಪರ್ಕಗಳ ಗುಂಪು) ನೀವು ಬದಲಿಸದಿದ್ದರೆ ಗರಿಷ್ಠ 10 ಕನೆಕ್ಷನ್ ಇರುತ್ತದೆ. ಒಂದೇ ಸಲ ನೂರು ಜನ ಬಂದರೆ ಏನಾಗುತ್ತದೆ? ಒಬ್ಬರು ಕನೆಕ್ಷನ್ ವಾಪಸ್ ಕೊಡದೇ ಹಿಡಿದು ಕೂತರೆ? ಆಗ ಥ್ರೆಡ್ ಡಂಪ್, ಅಂದರೆ ಆ ಕ್ಷಣ ಯಾವ ಕೆಲಸ ಎಲ್ಲಿ ನಿಂತಿದೆ ಅನ್ನುವ ಚಿತ್ರ, ತೆಗೆದು ಓದಿ. ನೂರು ರೈತರ ಪಟ್ಟಿ ತರಲು ಒಂದು ಕ್ವೆರಿ, ಆಮೇಲೆ ಒಬ್ಬೊಬ್ಬರ ಹಾಲಿಗೆ ಒಂದೊಂದು, ಒಟ್ಟು 101 ಕ್ವೆರಿ ಹೋಗುತ್ತಿದೆಯಾ ನೋಡಿ. ಹೋಗುತ್ತಿದ್ದರೆ ಸರಿಮಾಡಿ. ಇದನ್ನೆಲ್ಲ ಕೋಡ್ ಜೊತೆಗಿಡುವ ವಿವರಣೆಯ ಫೈಲ್ ಆದ ರೀಡ್‌ಮಿಯಲ್ಲಿ ಸಂಖ್ಯೆ ಸಮೇತ ಬರೆಯಿರಿ. ನಾನು ಇಂಥದ್ದೊಂದು ರೀಡ್‌ಮಿ ನೋಡಿದರೆ ಆ ಅಭ್ಯರ್ಥಿಯನ್ನು ಕರೆಯದೇ ಇರಲ್ಲ.

ರೆಸ್ಯೂಮೆಯಲ್ಲಿ ‘ಎಲ್2 ಟಿಕೆಟ್‌ಗಳನ್ನು ನಿಗದಿತ ಸಮಯದಲ್ಲಿ ಪರಿಹರಿಸಿದ್ದೇನೆ’ ಅಂತ ಇರಬಹುದು ಅಲ್ವಾ? ಅದನ್ನು ತೆಗೆಯಿರಿ. ‘ತಿಂಗಳ ಕೊನೆಯ ಬ್ಯಾಚ್ ನಿಂತಾಗ ಲಾಕ್ ಹಿಡಿದಿದ್ದ ಸೆಷನ್ ಗುರುತಿಸಿ, ಕೆಲಸ ಮುಂದುವರಿಯುವಂತೆ ಮಾಡಿದೆ’ ಅಂತ ಬರೆಯಿರಿ. ಇಂಟರ್‌ವ್ಯೂನಲ್ಲಿ ‘ನಾವು ಮಾಡಿದೆವು’ ಅನ್ನಬೇಡಿ. ನಮ್ಮ ಕಡೆಯವರಿಗೆ ‘ನಾನು’ ಅನ್ನೋಕೆ ಸಂಕೋಚ, ನನಗೂ ಇತ್ತು. ಎದುರಿಗೆ ಕೂತವರಿಗೆ ಮಾತ್ರ ನೀವು ಏನು ಮಾಡಿದಿರಿ ಅನ್ನುವುದು ತಿಳಿಯುವುದೇ ಇಲ್ಲ. ಇಂಗ್ಲಿಷ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಏನು ಕಂಡಿತು, ಎಲ್ಲಿ ನೋಡಿದೆ, ಯಾವುದು ಅಲ್ಲ ಅಂತ ಬಿಟ್ಟೆ, ಏನು ಮಾಡಿದೆ, ಈ ಕ್ರಮದಲ್ಲಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಸಣ್ಣ ಸಣ್ಣ ವಾಕ್ಯ ಸಾಕು.

ಎಚ್ಆರ್ ವಿಷಯ. ಹೆದರಿ ರಾಜೀನಾಮೆಗೆ ಸಹಿ ಹಾಕಬೇಡಿ. ಒಳಗೇ ಬೇರೆ ಪ್ರಾಜೆಕ್ಟ್ ಇದೆಯಾ ಅಂತ ಮೇಲ್‌ನಲ್ಲಿ ಕೇಳಿ, ಬಾಯಿಮಾತು ಬೇಡ. ಕೋಡ್ ಮುಟ್ಟಲು ಬಿಡುವ ಯಾವ ಪ್ರಾಜೆಕ್ಟ್ ಸಿಕ್ಕರೂ, ಅದು ಹಳೆಯದೇ ಆದರೂ, ತಗೊಳ್ಳಿ. ಕೆಲಸದಲ್ಲಿದ್ದುಕೊಂಡು ಹುಡುಕುವುದು ಸುಲಭ. ಬಿಡಲೇಬೇಕಾದರೆ ನೋಟಿಸ್ ಅವಧಿಯ ಸಂಬಳ, ರಿಲೀವಿಂಗ್ ಲೆಟರ್, ಅನುಭವ ಪತ್ರ ಇವನ್ನು ಲಿಖಿತವಾಗಿ ಒಪ್ಪಿಸಿಕೊಳ್ಳಿ. ನಿಮ್ಮದು 5 ವರ್ಷ ದಾಟಿರುವುದರಿಂದ ಗ್ರಾಚ್ಯುಟಿ ನಿಮ್ಮ ಹಕ್ಕು, ನೀವೇ ರಾಜೀನಾಮೆ ಕೊಟ್ಟರೂ ಸಹ. ಗ್ರಾಚ್ಯುಟಿಗೆ ಲೆಕ್ಕ ಹಿಡಿಯುವ ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಆ ವೇತನ 30,000 ಅಂದುಕೊಂಡರೆ ಏಳು ವರ್ಷಕ್ಕೆ ಸುಮಾರು 1.21 ಲಕ್ಷ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಮಗು ಇರುವ ಮನೆ, ಸ್ವಂತದ್ದೊಂದು ಪಾಲಿಸಿ ಈಗಲೇ ಮಾಡಿಸಿ.

ತೋಟಕ್ಕೆ ಹೋಗುವುದು ಸೋಲು ಅಂತ ನಾನು ಅಂದುಕೊಂಡಿಲ್ಲ. ಅಪ್ಪ ಪ್ರೀತಿಯಿಂದ ಹೇಳಿದ್ದಾರೆ. ಆದರೆ ತೆಂಗು ಅಡಿಕೆಯ ವರಮಾನ, ಬೋರ್‌ವೆಲ್ ಖರ್ಚು, ಕೂಲಿ, ಎಲ್ಲವನ್ನೂ ಕಳೆದ ಮೂರು ವರ್ಷದ್ದು ಅವರ ಜೊತೆ ಕೂತು ಲೆಕ್ಕ ಹಾಕಿ. ಆಮೇಲೂ ಮನಸ್ಸು ಅಲ್ಲಿಗೇ ಎಳೆದರೆ ಹೋಗಿ, ಎಚ್ಆರ್ ಫೋನಿನ ಮರುದಿನ ಮಾತ್ರ ನಿರ್ಧಾರ ಮಾಡಬೇಡಿ.

ಇವತ್ತು ರಾತ್ರಿ ಮಗು ಮಲಗಿದ ಮೇಲೆ ಒಂದು ನೋಟ್‌ಪುಸ್ತಕ ತಗೊಂಡು ಆ ಬ್ಯಾಚ್ ನಿಂತ ರಾತ್ರಿಯ ಕಥೆಯನ್ನು ಎರಡು ಪುಟ ಬರೆಯಿರಿ. ಮೊದಲು ಎಲ್ಲಿ ನೋಡಿದಿರಿ, ಲಾಗ್‌ನಲ್ಲಿ ಕೊನೆಯ ಸಾಲು ಯಾವುದಿತ್ತು, ಲಾಕ್ ಇರಬಹುದು ಅಂತ ಯಾಕೆ ಅನಿಸಿತು, ಆ ಸೆಷನ್ ನಿಲ್ಲಿಸಲು ಯಾರ ಅನುಮತಿ ಕೇಳಿದಿರಿ. ನಿಮ್ಮ ಪತ್ರದಲ್ಲಿ ಇಲ್ಲದ ಎರಡು ಸಂಗತಿಯನ್ನೂ ಸೇರಿಸಿ: ಆ ಲಾಕ್ ಹಿಡಿದು ಕೂತಿದ್ದ ಸೆಷನ್ ಯಾರದ್ದು, ಯಾರಾದರೂ ಅಪ್‌ಡೇಟ್ ಕೊಟ್ಟು ಕಮಿಟ್ ಮಾಡದೇ, ಅಂದರೆ ಬದಲಾವಣೆ ಖಾಯಂ ಮಾಡದೇ, ಮನೆಗೆ ಹೋಗಿದ್ದರಾ, ಮತ್ತು ಮುಂದಿನ ತಿಂಗಳು ಹಾಗೆ ಆಗದಂತೆ ಏನು ಮಾಡಿದಿರಿ. ನಾನು ಇಂಟರ್‌ವ್ಯೂನಲ್ಲಿದ್ದರೆ ಮೊದಲು ಕೇಳುವುದು ಇವನ್ನೇ. ಬರೆದು ಕಳಿಸಿ, ಓದುತ್ತೇನೆ.